ನಲವತ್ತು ವರ್ಷ ಮುಂದೆ ಹೋಗಿ ಬಂದ ಬಾತುಕೋಳಿ

‘ಡಕ್‌ಟೇಲ್ಸ್’ ಸರಣಿಯ ‘ಡಕ್ ಟು ದ ಫ್ಯೂಚರ್’ ಎಂಬ ಕಂತು ಅಮೆರಿಕದಲ್ಲಿ ಪ್ರಸಾರವಾದದ್ದು 1987ರಲ್ಲಿ. ಜಗತ್ತಿನ ಅತಿ ಶ್ರೀಮಂತ ಬಾತುಕೋಳಿ ಅಂಕಲ್ ಸ್ಕ್ರೂಜ್ ಅದರಲ್ಲಿ ನಲವತ್ತು ವರ್ಷ ಮುಂದಕ್ಕೆ ಹೋಗುತ್ತಾನೆ. ಕೂಡಿ ನೋಡಿ, 2027 ಬರುತ್ತದೆ. ಆ ಕಾರ್ಟೂನು ತೋರಿಸಿದ ಭವಿಷ್ಯ ನಮ್ಮ ಮನೆ ಬಾಗಿಲಿಗೆ ಬಂದು ನಿಂತಿದೆ. ಕಥೆಯಲ್ಲಿ ಇಸವಿಯನ್ನು ಯಾರೂ ಒತ್ತಿ ಹೇಳುವುದಿಲ್ಲ, ಮಕ್ಕಳ ಕಾರ್ಟೂನಿಗೆ ಅಂಥ ಲೆಕ್ಕ ಬೇಕಾಗಿಯೂ ಇಲ್ಲ. ಆದರೆ ಈ ಕಂತನ್ನು ಮತ್ತೆ ನೋಡುವವರಿಗೆ, ಅದರಲ್ಲೂ ಭದ್ರಾವತಿಯಂಥ ಕಾರ್ಖಾನೆ ಊರನ್ನು ಕಣ್ಣಲ್ಲಿಟ್ಟುಕೊಂಡು ನೋಡುವವರಿಗೆ, ಆ ಲೆಕ್ಕ ತಪ್ಪಿಸಿಕೊಳ್ಳುವಂಥದ್ದಲ್ಲ. ಒಬ್ಬ ಮಾಲೀಕ, ಅವನು ಕಟ್ಟಿದ ಸಂಸ್ಥೆ, ಅದನ್ನು ಮುಂದೆ ನಡೆಸಬೇಕಾದ ಮಕ್ಕಳು, ನಡುವೆ ನಲವತ್ತು ವರ್ಷ. ಇಷ್ಟೇ ಕಥೆ. ಇದೇ ನಲವತ್ತು ವರ್ಷದಲ್ಲಿ ಭದ್ರಾ ನದಿಯ ದಂಡೆಯಲ್ಲೂ ಒಂದು ಕಥೆ ನಡೆಯಿತು. ಅದರಲ್ಲಿ ಮಾಟಗಾತಿ ಇರಲಿಲ್ಲ.

ಈ ಸರಣಿ ನಮ್ಮ ಕಡೆಗೆ ಬಂದದ್ದು ಹಿಂದಿಯಲ್ಲಿ. ತೊಂಬತ್ತರ ದಶಕದ ಭಾನುವಾರಗಳಲ್ಲಿ ದೂರದರ್ಶನ ಡಿಸ್ನಿಯ ‘ಡಕ್‌ಟೇಲ್ಸ್’ ಮತ್ತು ‘ಟೇಲ್‌ಸ್ಪಿನ್’ಗಳನ್ನು ಹಿಂದಿ ಮಾತು ಕೂಡಿಸಿ ತೋರಿಸುತ್ತಿತ್ತು. ಶಿವಮೊಗ್ಗದ ದುರ್ಗಿಗುಡಿಯಲ್ಲಿ, ಭದ್ರಾವತಿಯ ನ್ಯೂಟೌನ್, ಪೇಪರ್ ಟೌನ್ ಕ್ವಾರ್ಟರ್ಸ್‌ಗಳಲ್ಲಿ ಬೆಳೆದ ಒಂದು ತಲೆಮಾರು ಹಿಂದಿ ಕಲಿತದ್ದು ಶಾಲೆಯ ಪಠ್ಯದಿಂದ ಸ್ವಲ್ಪ, ಈ ಬಾತುಕೋಳಿಗಳಿಂದ ಹೆಚ್ಚು. ರೇಡಿಯೊ ಕಥೆ ಬೇರೆ. ಅರವತ್ತರ ದಶಕದಿಂದಲೇ ಆಕಾಶವಾಣಿ ಭದ್ರಾವತಿ ಇತ್ತು, ಕನ್ನಡದಲ್ಲೇ ಮಾತಾಡುತ್ತಿತ್ತು, ಮಲೆನಾಡಿನ ಅಡಿಕೆ ತೋಟದವರೆಗೂ ಕೇಳುತ್ತಿತ್ತು. ಕಿವಿಗೆ ಕನ್ನಡ, ಕಣ್ಣಿಗೆ ಹಿಂದಿ ಎಂಬ ಹಂಚಿಕೆ ಅದು. ಇನ್ನೊಂದು ವಿಚಿತ್ರ ನೋಡಿ. ಇದೇ ಶಿವಮೊಗ್ಗ ಜಿಲ್ಲೆಯ ಆಗುಂಬೆಯಲ್ಲಿ ಶಂಕರ್ ನಾಗ್ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಕೂಡ ದೂರದರ್ಶನದಲ್ಲಿ ಬಂದದ್ದು ಹಿಂದಿಯಲ್ಲಿ. ನಮ್ಮದೇ ಮಳೆ, ನಮ್ಮದೇ ಹೆಂಚಿನ ಮನೆ, ನಮ್ಮದೇ ನಟರು ಹಿಂದಿ ಆಡಿದಾಗ ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಹಾಗಿರುವಾಗ ಡಕ್‌ಬರ್ಗಿನ ಬಾತುಕೋಳಿಗಳು ಹಿಂದಿ ಆಡಿದರೆ ಅನ್ನಿಸುವುದೆಲ್ಲಿಂದ? ಡಬ್ಬಿಂಗ್ ಕುರಿತ ನಮ್ಮ ದೀರ್ಘ ಜಗಳದಲ್ಲಿ ಮಕ್ಕಳ ಪಾಲು ಏನಾಯಿತು ಎಂಬುದು ಕಡಿಮೆ ಚರ್ಚೆಯಾದ ವಿಷಯ. ಅರವತ್ತರ ದಶಕದಲ್ಲಿ ಅನಕೃ, ಮ. ರಾಮಮೂರ್ತಿಯವರ ಹೋರಾಟಕ್ಕೆ ಆ ಕಾಲದ ಕಾರಣಗಳಿದ್ದವು. ಕನ್ನಡ ಚಿತ್ರೋದ್ಯಮ ಆಗ ಕಾಲೂರಲು ಜಾಗ ಹುಡುಕುತ್ತಿತ್ತು. ಆದರೆ ಆ ಅಘೋಷಿತ ನಿಷೇಧ ಮುಂದುವರಿದು, 2015ರಲ್ಲಿ ಸ್ಪರ್ಧಾ ಆಯೋಗ ವಾಣಿಜ್ಯ ಮಂಡಳಿಗೆ ದಂಡ ಹಾಕುವ ಹೊತ್ತಿಗೆ, ಮೂರು ತಲೆಮಾರಿನ ಮಕ್ಕಳು ತಮ್ಮ ಸಾಹಸ ಕಥೆಗಳನ್ನು ಬೇರೆ ನುಡಿಯಲ್ಲಿ ನೋಡಿ ಬೆಳೆದಾಗಿತ್ತು.

ಈಗ ಕಂತಿನ ಒಳಗೆ ಹೋಗೋಣ.

ಸ್ಕ್ರೂಜನ ಆಶ್ರಯದಲ್ಲಿ ಬೆಳೆಯುವ ಹುಯಿ, ಡ್ಯೂಯಿ, ಲೂಯಿ ಎಂಬ ಮೂವರು ಹುಡುಗರು ನಿಂಬೆ ಶರಬತ್ತಿನ ಅಂಗಡಿ ಇಟ್ಟಿದ್ದಾರೆ. ಮುದುಕನಿಗೆ ಸಂತೋಷ, ಜೊತೆಗೆ ಆತಂಕ. ವ್ಯಾಪಾರ ಎಂದರೆ ಲಾಭ ಎಂದು ಅವರಿಗೆ ತನ್ನ ಪಾಠ ಹೇಳಿಕೊಡುತ್ತಾನೆ. ತನ್ನ ಕಾಲದ ನಂತರ ತನ್ನ ಆಸ್ತಿ ಏನಾಗುತ್ತದೆ ಎಂಬ ಚಿಂತೆ ಅವನನ್ನು ಕೊರೆಯುತ್ತಿದೆ. ಅವನ ಆ ಕುತೂಹಲವನ್ನೇ ಹಿಡಿದು ಮಾಟಗಾತಿ ಮ್ಯಾಜಿಕಾ ಡಿ ಸ್ಪೆಲ್ ವೇಷ ಮರೆಸಿಕೊಂಡು ಬಂದು ಒಂದು ಮರಳುಗಡಿಯಾರ ಕೊಡುತ್ತಾಳೆ. ಅದು ಅವನನ್ನು ನಲವತ್ತು ವರ್ಷ ಮುಂದಕ್ಕೆ ಎಸೆಯುತ್ತದೆ. ಅಲ್ಲಿ ಅವನ ಹಣದ ಕೋಠಿ ಮ್ಯಾಜಿಕಾಳ ವಶದಲ್ಲಿದೆ. ಸಂಸ್ಥೆಯ ಹೆಸರು ಮ್ಯಾಜಿಕಾ-ಮೆಕ್‌ಡಕ್. ತಾನು ಎದೆಯ ಮೇಲೆ ಆಡಿಸಿದ ಮಕ್ಕಳು ಬೆಳೆದು ದೊಡ್ಡವರಾಗಿ, ಸೂಟು ಹಾಕಿಕೊಂಡು, ಅವಳ ಕೈಕೆಳಗೆ ಕರುಣೆಯಿಲ್ಲದ ವ್ಯವಹಾರಸ್ಥರಾಗಿದ್ದಾರೆ. ಕೊನೆಗೆ ಸ್ಕ್ರೂಜ್ ತನ್ನ ಕಾಲಕ್ಕೆ ಮರಳುತ್ತಾನೆ, ಮಕ್ಕಳಿಗೆ ಕೊಟ್ಟ ಪಾಠವನ್ನು ತಿದ್ದುತ್ತಾನೆ. ಮುಗಿಯಿತು, ಒಟ್ಟು ಇಪ್ಪತ್ತೆರಡು ನಿಮಿಷ.

ಈ ಸರಣಿಯ ನೂರು ಕಂತುಗಳಲ್ಲಿ ನಿಧಿ ಹುಡುಕಾಟದವು ಹೆಚ್ಚು. ಪಿರಮಿಡ್ಡು, ಹಳೆಯ ಹಡಗು, ಕಾಡಿನ ದೇವಾಲಯ. ಅವು ನೋಡಲು ಚೆಂದ. ಬಹುಪಾಲು ಕಂತುಗಳನ್ನು ಚಿತ್ರಿಸಿದ್ದು ಜಪಾನಿನ ಟೋಕಿಯೋ ಮೂವಿ ಶಿನ್ಶಾ ಸ್ಟುಡಿಯೊ. ಆ ಕಾಲದ ಟೀವಿ ಕಾರ್ಟೂನುಗಳ ಒರಟುತನ ಇದರಲ್ಲಿಲ್ಲ, ನೀರು ಹರಿಯುವುದು, ಬಟ್ಟೆ ಹಾರುವುದು ಎಲ್ಲಕ್ಕೂ ಒಂದು ತೂಕವಿದೆ. ಆದರೆ ಆ ಸಾಹಸಗಳಲ್ಲಿ ಅಪಾಯ ಹೊರಗಿನದು. ಬಂಡೆ ಉರುಳುತ್ತದೆ, ಮೊಸಳೆ ಬಾಯಿ ತೆರೆಯುತ್ತದೆ, ತಪ್ಪಿಸಿಕೊಳ್ಳುತ್ತಾರೆ. ಈ ಕಂತಿನಲ್ಲಿ ಮಾತ್ರ ಅಪಾಯ ಮನೆಯೊಳಗಿನದು. ಮಕ್ಕಳು ಭಯಪಡಬೇಕಾದದ್ದು ತಾವೇ ಮುಂದೆ ಆಗಬಹುದಾದವರನ್ನು ನೋಡಿ. ಆ ಮೂವರು ಸೂಟುಧಾರಿಗಳ ಮುಖದಲ್ಲಿ ಹಳೆಯ ಕೊಕ್ಕು, ಹಳೆಯ ಕಣ್ಣು ಹಾಗೇ ಇವೆ, ಗುರುತು ಹಿಡಿಯುವಷ್ಟು. ಮಾಟಗಾತಿಗಿಂತ ಅವರೇ ಹೆಚ್ಚು ಹೆದರಿಸುತ್ತಾರೆ. ಮಕ್ಕಳ ಕಾರ್ಯಕ್ರಮವೊಂದು ಮಕ್ಕಳಿಗೆ ‘ನೀವು ಕೆಟ್ಟವರಾಗಬಹುದು’ ಎಂದು ಇಷ್ಟು ನೇರವಾಗಿ ಹೇಳುವುದು ಅಪರೂಪ. ಈ ಕಂತಿನ ಬಗ್ಗೆ ಬರೆಯಬೇಕು ಅನ್ನಿಸಲು ಅದೇ ಕಾರಣ.

ಕಥೆಯ ಹಂದರ ಎಲ್ಲಿಂದ ಬಂತು ಎಂಬುದು ಗುಟ್ಟಲ್ಲ. ಶೀರ್ಷಿಕೆ 1985ರ ‘ಬ್ಯಾಕ್ ಟು ದ ಫ್ಯೂಚರ್’ ಸಿನಿಮಾವನ್ನು ಅಣಕಿಸುತ್ತದೆ. ಒಳಗಿನ ಎಲುಬು ಮಾತ್ರ ಚಾರ್ಲ್ಸ್ ಡಿಕನ್ಸ್ 1843ರಲ್ಲಿ ಬರೆದ ‘ಎ ಕ್ರಿಸ್ಮಸ್ ಕ್ಯಾರಲ್’. ಸ್ಕ್ರೂಜ್ ಎಂಬ ಹೆಸರೇ ಅಲ್ಲಿನ ಜಿಪುಣನದು. ಕಾರ್ಲ್ ಬಾರ್ಕ್ಸ್ 1947ರಲ್ಲಿ ಈ ಬಾತುಕೋಳಿಯನ್ನು ಸೃಷ್ಟಿಸಿದಾಗ ಹೆಸರನ್ನು ಅಲ್ಲಿಂದಲೇ ಎತ್ತಿಕೊಂಡ. 1983ರಲ್ಲಿ ಡಿಸ್ನಿ ಆ ಕಥೆಯನ್ನೇ ‘ಮಿಕೀಸ್ ಕ್ರಿಸ್ಮಸ್ ಕ್ಯಾರಲ್’ ಎಂಬ ಕಿರುಚಿತ್ರ ಮಾಡಿದಾಗ ಜಿಪುಣನ ಪಾತ್ರ ಈ ಬಾತುಕೋಳಿಗೇ ಹೋಯಿತು, ದನಿ ಕೊಟ್ಟವನು ಅಲನ್ ಯಂಗ್. ನಾಲ್ಕು ವರ್ಷದ ನಂತರ ‘ಡಕ್‌ಟೇಲ್ಸ್’ನಲ್ಲೂ ಅದೇ ದನಿ. ಅಂದರೆ ಒಂದೇ ದನಿ ಎರಡು ಸಲ ಭವಿಷ್ಯಕ್ಕೆ ಹೋಗಿ ಎರಡು ಸಲ ಬೆಚ್ಚಿಬಿದ್ದು ಮರಳಿದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಡಿಕನ್ಸನ ಸ್ಕ್ರೂಜ್ ಭವಿಷ್ಯ ನೋಡಿ ಬಂದು ತನ್ನ ಗುಮಾಸ್ತನ ಸಂಬಳ ಏರಿಸುತ್ತಾನೆ, ಕೈ ಬಿಚ್ಚುತ್ತಾನೆ. ಬಾತುಕೋಳಿ ಸ್ಕ್ರೂಜ್ ಮಕ್ಕಳಿಗೆ ಹೇಳುವ ಪಾಠ ಬದಲಿಸುತ್ತಾನೆ, ಕೋಠಿಯಿಂದ ಒಂದು ನಾಣ್ಯವೂ ಹೊರಬರುವುದಿಲ್ಲ. ಉತ್ತರಾಧಿಕಾರಿಗಳು ಸರಿಯಾದರೆ ಸಾಕು, ಆಸ್ತಿಯ ವಿಷಯ ಎತ್ತಬೇಕಿಲ್ಲ. ಎಂಬತ್ತರ ದಶಕದ ಅಮೆರಿಕಕ್ಕೆ ಇದು ಹೇಳಿ ಮಾಡಿಸಿದ ತಿದ್ದುಪಡಿ. ಸಿನಿಮಾದ ಹುಡುಗ ಮಾರ್ಟಿ ಕೂಡ ಕಾಲ ತಿದ್ದಿ ಮನೆಗೆ ಬಂದಾಗ ಅಂಗಳದಲ್ಲಿ ಹೊಸ ಗಾಡಿ ನಿಂತಿರುತ್ತದೆ ತಾನೆ.

ಇನ್ನು ಆ ಪ್ರಸಿದ್ಧ ನಾಣ್ಯ. ಸ್ಕ್ರೂಜ್ ಹುಡುಗನಾಗಿದ್ದಾಗ ಮೊದಲ ಸಲ ದುಡಿದು ಗಳಿಸಿದ ಹತ್ತು ಸೆಂಟ್. ಬಾರ್ಕ್ಸ್‌ನ ಕಾಮಿಕ್ಸ್‌ನಲ್ಲಿ ಅದರೊಳಗೆ ಅದೃಷ್ಟ ಇರಲಿಲ್ಲ. ಜಗತ್ತಿನ ಅತಿ ಶ್ರೀಮಂತನ ಕೈ ಸೋಕಿದ ನಾಣ್ಯವಾದ್ದರಿಂದ ಅದನ್ನು ಕರಗಿಸಿ ತಾಯತ ಮಾಡಬಹುದು ಎಂಬುದು ಮ್ಯಾಜಿಕಾಳ ಲೆಕ್ಕ. ತೊಂಬತ್ತರ ದಶಕದಲ್ಲಿ ಡಾನ್ ರೋಸಾ ಸ್ಕ್ರೂಜನ ಜೀವನಚರಿತ್ರೆಯನ್ನು ಕಾಮಿಕ್ಸ್ ಆಗಿ ಬರೆದಾಗ, ಗ್ಲಾಸ್ಗೋದ ಬೀದಿಯಲ್ಲಿ ಬೂಟು ಉಜ್ಜಿ ಪಡೆದ ಕೂಲಿ ಅದು ಎಂದು ಖಚಿತವಾಗಿ ತೋರಿಸಿದ. ಕೂಲಿ ಎಂಬುದೇ ಅದರ ಬೆಲೆ. ಟೀವಿ ಸರಣಿ ಮಾತ್ರ ಅದನ್ನು ಅದೃಷ್ಟದ ನಾಣ್ಯವಾಗಿಸಿತು. ಅದು ಕೈತಪ್ಪಿದರೆ ಸಂಪತ್ತು ಹೋಗುತ್ತದೆ, ಯಾರ ಕೈಗೆ ಸೇರಿತೋ ಅವರದೇ ರಾಜ್ಯ. ಬೆವರಿನ ಗುರುತು ಯಂತ್ರದ ತಗಡಾಯಿತು. ಈ ಒಂದು ಬದಲಾವಣೆಯಿಂದ ಕಥೆಗೆ ಸಲೀಸಾಯಿತು, ನಿಜ. ಸಂಸ್ಥೆಗಳು ಯಾಕೆ ಬೀಳುತ್ತವೆ ಎಂಬ ಪ್ರಶ್ನೆಗೆ ‘ನಾಣ್ಯ ಕದ್ದರು’ ಎಂಬ ಉತ್ತರ ಸಿಕ್ಕಿತು.

ಡಕ್‌ಬರ್ಗಿನಲ್ಲಿ ಯಾರೂ ಏನನ್ನೂ ತಯಾರಿಸುವುದಿಲ್ಲ ಎಂದು ಚಿಲಿ ದೇಶದಲ್ಲಿ ಕುಳಿತು ಏರಿಯಲ್ ಡಾರ್ಫ್‌ಮನ್ ಮತ್ತು ಆರ್ಮಾಂ ಮ್ಯಾಟೆಲಾರ್ 1971ರಲ್ಲೇ ಒಂದು ಪುಸ್ತಕ ಬರೆದು ಆಕ್ಷೇಪಿಸಿದ್ದರು. 1973ರ ಸೈನಿಕ ಕ್ರಾಂತಿಯ ನಂತರ ಅಲ್ಲಿ ಆ ಪುಸ್ತಕ ಸುಟ್ಟರು, ಅದರ ಇಂಗ್ಲಿಷ್ ಪ್ರತಿಗಳನ್ನು ಅಮೆರಿಕದ ಸುಂಕದವರು ತಡೆದು ನಿಲ್ಲಿಸಿದರು. ಬಾತುಕೋಳಿಗಳ ಬಗ್ಗೆ ಬರೆದ ಪುಸ್ತಕಕ್ಕೆ ಇಂಥ ಮರ್ಯಾದೆ ಸಿಗುವುದು ಕಡಿಮೆ. ಅವರ ಧಾಟಿ ಕೆಲವೆಡೆ ಭಾಷಣದಂತಿದೆ, ಬಾರ್ಕ್ಸ್‌ನ ತುಂಟ ವ್ಯಂಗ್ಯಕ್ಕೆ ಅವರು ಕಿವುಡರು. ಆದರೆ ಮುಖ್ಯ ಮಾತು ನಿಲ್ಲುತ್ತದೆ. ಅಲ್ಲಿ ಸಂಪತ್ತು ಸಿಗುತ್ತದೆ, ಅಗೆದರೆ ಬರುತ್ತದೆ, ದೂರದ ಯಾವುದೋ ದ್ವೀಪದವರು ಬೆಲೆ ಗೊತ್ತಿಲ್ಲದೆ ಕೊಟ್ಟುಬಿಡುತ್ತಾರೆ. ಕುಲುಮೆ ಇಲ್ಲ, ಪಾಳಿ ಇಲ್ಲ, ಬುತ್ತಿ ಡಬ್ಬಿ ಇಲ್ಲ.

ಭದ್ರಾವತಿಯಲ್ಲಿ ಕುಳಿತು ‘ಡಕ್‌ಟೇಲ್ಸ್’ ನೋಡುವುದರ ವಿಶೇಷ ಇರುವುದು ಇಲ್ಲೇ. ಆ ಊರಲ್ಲಿ ಸಂಪತ್ತು ಹೇಗೆ ಬರುತ್ತದೆ ಎಂಬುದು ಕಿಟಕಿಯಿಂದ ಕಾಣುತ್ತಿತ್ತು. ಬೆಂಕಿಪುರ ಎಂದು ಹಿಂದೆ ಹೆಸರಿದ್ದ ಊರಿಗೆ 1918ರಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಶುರುವಾಯಿತು. 1923ರಲ್ಲಿ ಕುಲುಮೆ ಹೊತ್ತಿತು. ಬಾಬಾಬುಡನ್ ಗಿರಿಸಾಲಿನ ಕೆಮ್ಮಣ್ಣುಗುಂಡಿಯಿಂದ ಅದಿರು, ಭಂಡಿಗುಡ್ಡದಿಂದ ಸುಣ್ಣಕಲ್ಲು, ಸುತ್ತಲಿನ ಮಲೆನಾಡಿನಿಂದ ಸೌದೆ. ಕಲ್ಲಿದ್ದಲು ಹತ್ತಿರದಲ್ಲಿ ಇಲ್ಲದ್ದರಿಂದ ಮರ ಸುಟ್ಟು ಇದ್ದಿಲು ಮಾಡಿ ಕಬ್ಬಿಣ ಕರಗಿಸಿದರು. ಮರ ಬಟ್ಟಿ ಇಳಿಸಿದಾಗ ಬರುವ ರಸಾಯನಗಳನ್ನೂ ಬಿಡದೆ ಹಿಡಿದು ಮಾರಿದರು. ಕಾರ್ಖಾನೆಯ ಮೊದಲ ಹೆಸರಿನಲ್ಲೇ ಮರದ ಬಟ್ಟಿಯ ಮಾತಿತ್ತು. ಎಷ್ಟು ಕಾಡು ಹೋಯಿತು ಎಂಬುದು ಬೇರೆಯೇ ಲೆಕ್ಕ, ಆ ಸಾಲವನ್ನು ಭದ್ರಾವತಿ ಪೂರ್ತಿ ತೀರಿಸಿಲ್ಲ. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರು, ನಷ್ಟದಲ್ಲಿ ಒದ್ದಾಡುತ್ತಿದ್ದ ಈ ಕಾರ್ಖಾನೆಯನ್ನು ನಿಲ್ಲಿಸಲೆಂದು 1923ರಲ್ಲಿ ಅಧ್ಯಕ್ಷರಾಗಿ ಬಂದರು, 1929ರವರೆಗೆ ಇದ್ದರು. ಆ ಕೆಲಸಕ್ಕೆ ಸಲ್ಲಬೇಕಿದ್ದ ಸಂಭಾವನೆಯ ಹಣ ಮುಂದೆ ಬೆಂಗಳೂರಿನಲ್ಲಿ ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಗೆ ಹೋಯಿತು, ಅದಕ್ಕೆ ಹೆಸರು ಮಾತ್ರ ಜಯಚಾಮರಾಜೇಂದ್ರ ಒಡೆಯರದು. ಗಾಜಿನ ಗುಮ್ಮಟದಡಿ ಇಟ್ಟು ಕಾಯುವ ಮೊದಲ ನಾಣ್ಯಕ್ಕೂ, ಕೈಗೆ ಬರುವ ಮೊದಲೇ ಬೇರೆ ಮಕ್ಕಳ ಕಲಿಕೆಗೆ ದಾಟಿಹೋದ ಈ ಹಣಕ್ಕೂ ಇರುವ ದೂರವನ್ನು ಅಳೆಯಲು ವಿಮರ್ಶಕ ಬೇಕಿಲ್ಲ.

1936ರಲ್ಲಿ ಉಕ್ಕು ಬಂತು, ಅದೇ ದಶಕದಲ್ಲಿ ಮೈಸೂರು ಕಾಗದ ಕಾರ್ಖಾನೆ ಬಂತು. ಎಂಬತ್ತರ ದಶಕದಲ್ಲಿ ಅಲ್ಲಿ ಪತ್ರಿಕೆಗಳ ಕಾಗದ ಉರುಳಾಗಿ ಸುತ್ತಿಕೊಂಡು ಹೊರಬರುತ್ತಿತ್ತು. ಪಾಳಿ ಬದಲಾಗುವ ಸೈರನ್ನಿಗೆ ಇಡೀ ಊರು ಗಡಿಯಾರ ಹೊಂದಿಸಿಕೊಳ್ಳುತ್ತಿತ್ತು. ಇಂಥ ಊರಿನ ಮಗು ಭಾನುವಾರ ಬೆಳಿಗ್ಗೆ ನೋಡುತ್ತಿದ್ದುದು ಹಣದ ಕೋಠಿಯೊಳಗೆ ಈಜಾಡುವ ಮುದುಕನನ್ನು. ಪಕ್ಕದ ಕೋಣೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಅಪ್ಪ ಮಲಗಿದ್ದಾನೆ, ಆದ್ದರಿಂದ ದನಿ ಸಣ್ಣದಾಗಿ ಇಡಬೇಕು. ಹಣ ಅಂದರೆ ಏನು ಎಂಬ ಎರಡು ವ್ಯಾಖ್ಯಾನಗಳ ನಡುವೆ ಒಂದೇ ಗೋಡೆ.

ಡಾರ್ಫ್‌ಮನ್ ಜೋಡಿಯ ಇನ್ನೊಂದು ಆಕ್ಷೇಪ, ಡಕ್‌ಬರ್ಗಿನಲ್ಲಿ ಅಪ್ಪ ಅಮ್ಮಂದಿರೇ ಇಲ್ಲ, ಬರೀ ಅಂಕಲ್‌ಗಳು, ಅಳಿಯಂದಿರು ಎಂಬುದು. ಹೆತ್ತವರನ್ನು ಅಳಿಸಿ ಹಾಕಿದ ಲೋಕ ಅಸಹಜ ಎಂಬುದು ಅವರ ವಾದ. ಇಲ್ಲಿ ಮಾತ್ರ ನಮ್ಮ ಪಶ್ಚಿಮಕ್ಕೆ ಘಟ್ಟ ಇಳಿದರೆ ಬೇರೆ ನೋಟ ಸಿಗುತ್ತದೆ. ಡೊನಾಲ್ಡ್, ಸ್ಕ್ರೂಜನ ತಂಗಿಯ ಮಗ. ಈ ಮೂವರು ಹುಡುಗರು ಡೊನಾಲ್ಡನ ತಂಗಿ ಡೆಲ್ಲಾಳ ಮಕ್ಕಳು. ಆಸ್ತಿ ಇಳಿಯುವುದು ಮಾವನಿಂದ ಅಳಿಯನಿಗೆ, ಅಲ್ಲಿಂದ ಅಳಿಯನ ತಂಗಿಯ ಮಕ್ಕಳಿಗೆ. ತುಳುನಾಡಿನವರಿಗೆ ಇದರಲ್ಲಿ ಅಸಹಜ ಏನು? ಶುದ್ಧ ಅಳಿಯಕಟ್ಟು! ಭೂತಾಳಪಾಂಡ್ಯನ ಐತಿಹ್ಯದಲ್ಲಿ ರಾಜನ ಹಡಗಿಗೆ ಬಲಿ ಬೇಕಾದಾಗ ಹೆಂಡತಿ ತನ್ನ ಮಗನನ್ನು ಕೊಡಲೊಪ್ಪುವುದಿಲ್ಲ, ತಂಗಿ ತನ್ನ ಮಗನನ್ನು ಕೊಡುತ್ತಾಳೆ. ಅದಕ್ಕೇ ರಾಜ್ಯ ಅಳಿಯನಿಗೆ. ಐತಿಹ್ಯ ನಿಜವೋ ಸುಳ್ಳೋ, ಅದರೊಳಗೊಂದು ನ್ಯಾಯವಿದೆ. ಹಕ್ಕು ಬರುವುದು ಪ್ರಾಣ ಒತ್ತೆ ಇಟ್ಟವನಿಗೆ. ನಮ್ಮ ಕಂತಿನಲ್ಲಿ ಅಳಿಯಸಂತಾನದವರು ಮಾವನನ್ನೇ ಮಾರಿಕೊಂಡಿದ್ದಾರೆ. ‘ಅಂಕಲ್’ ಎಂಬ ಚಪ್ಪಟೆ ಶಬ್ದದಿಂದಾಗಿ ಈ ದ್ರೋಹದ ಆಳ ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ತಪ್ಪಿಹೋಗುತ್ತದೆ. ತಾಯಿಯ ಕಡೆಯ ಹಿರಿಯನಿಗೆ ಮಾಡಿದ ದ್ರೋಹ ಅದು.

ಹೀಗೆ ಎಲ್ಲವನ್ನೂ ಮನೆಯ ವಿಷಯ ಮಾಡಿಬಿಡುವುದು ಈ ಕಂತಿನ ಬಲ, ಅದರ ಸುಳ್ಳೂ ಅಲ್ಲೇ ಇದೆ. ಸಂಸ್ಥೆ ಕೆಟ್ಟದ್ದು ಯಾಕೆ? ಮಕ್ಕಳು ಕೆಟ್ಟದ್ದರಿಂದ. ಮಕ್ಕಳು ಕೆಟ್ಟದ್ದು ಯಾಕೆ? ಶರಬತ್ತಿನ ಅಂಗಡಿಯಲ್ಲಿ ತಪ್ಪು ಪಾಠ ಹೇಳಿದ್ದರಿಂದ. ಪಾಠ ತಿದ್ದಿದರೆ ನಲವತ್ತು ವರ್ಷವೂ ತಿದ್ದಿತು. ಭದ್ರಾವತಿಯ ಹೋಟೆಲ್ ಮಾತುಕತೆಯಲ್ಲೂ ಇಂಥ ವಿವರಣೆ ಕೇಳಿಸುತ್ತದೆ. ಹಳೆಯ ತಲೆಮಾರು ನಿಷ್ಠೆಯಿಂದ ದುಡಿಯಿತು, ಮುಂದಿನವರು ಓದಿ ಬೆಂಗಳೂರಿಗೆ ಹೋದರು, ಉಳಿದವರಿಗೆ ಆಸಕ್ತಿ ಇಲ್ಲ, ಅದಕ್ಕೇ ಹೀಗಾಯಿತು ಎಂದು. ಕೇಳಲು ಮನೆಯ ಹಿರಿಯರ ಗೊಣಗಾಟದ ಹಾಗೆ ಹಿತವಾಗಿದೆ. ನಡೆದದ್ದು ಬೇರೆ. ಕಂತು ತಯಾರಾದ ಎರಡು ವರ್ಷಕ್ಕೆ, 1989ರಲ್ಲಿ, ಕಾರ್ಖಾನೆ ಭಾರತೀಯ ಉಕ್ಕು ಪ್ರಾಧಿಕಾರದ ಅಂಗಸಂಸ್ಥೆಯಾಯಿತು. 1998ರಲ್ಲಿ ಅದರೊಳಗೆ ವಿಲೀನವಾಯಿತು. 2016ರಲ್ಲಿ ಷೇರು ಮಾರಾಟದ ಪಟ್ಟಿಗೆ ಸೇರಿತು. 2023ರ ಜನವರಿಯಲ್ಲಿ ಮುಚ್ಚುವ ನಿರ್ಧಾರ ಹೊರಬಿತ್ತು, ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಕೂತರು, ಅದೇ ವರ್ಷ ಒಂದಷ್ಟು ಭಾಗ ಮತ್ತೆ ಓಡತೊಡಗಿತು. ಕಾಗದ ಕಾರ್ಖಾನೆಯ ಯಂತ್ರಗಳು ಅದಕ್ಕೂ ಎಷ್ಟೋ ಮೊದಲೇ ನಿಂತಿದ್ದವು. ಇದರಲ್ಲಿ ಯಾವ ಮಗುವಿಗೆ ಯಾರು ಯಾವ ಪಾಠ ತಪ್ಪು ಹೇಳಿದ್ದು? ಸ್ವಂತ ಅದಿರಿನ ಗಣಿ ಇಲ್ಲದಿರುವುದು, ಹಳೆಯ ಯಂತ್ರ, ಹೂಡದ ಬಂಡವಾಳ, ದೂರದ ಊರಿನ ಆಡಳಿತ ಮಂಡಳಿ, ಇವುಗಳಿಗೆ ಕೊಕ್ಕೂ ಇಲ್ಲ ಮುಖವೂ ಇಲ್ಲ. ಕಾರ್ಟೂನಿನಲ್ಲಿ ಬಿಡಿಸಲು ಬರುವುದಿಲ್ಲ.

ಆದರೂ ಒಂದು ಕಡೆ ಈ ಇಪ್ಪತ್ತೆರಡು ನಿಮಿಷ ಬೆರಗಾಗುವಷ್ಟು ಸರಿಯಾಗಿ ಕಂಡಿದೆ, ಬೋರ್ಡಿನ ಮೇಲಿನ ಹೆಸರಿನ ವಿಷಯದಲ್ಲಿ. ಮ್ಯಾಜಿಕಾ ಎಲ್ಲವನ್ನೂ ಕಸಿದುಕೊಂಡ ಮೇಲೂ ಮೆಕ್‌ಡಕ್ ಹೆಸರನ್ನು ಕಿತ್ತುಹಾಕುವುದಿಲ್ಲ, ತನ್ನ ಹೆಸರಿನ ಹಿಂದೆ ಕಟ್ಟಿಕೊಂಡಿದ್ದಾಳೆ. ಹೆಸರಿಗೆ ಮಾರುಕಟ್ಟೆಯಲ್ಲಿ ಬೆಲೆ ಇದೆಯಲ್ಲ. ನಮ್ಮ ಕಾರ್ಖಾನೆಗೆ ವಿಶ್ವೇಶ್ವರಯ್ಯನವರ ಹೆಸರು ಬಂದದ್ದು ಎಪ್ಪತ್ತರ ದಶಕದಲ್ಲಿ. ಅಧಿಕಾರ ಭದ್ರಾವತಿಯಿಂದ ಬೆಂಗಳೂರಿಗೆ, ಅಲ್ಲಿಂದ ದೆಹಲಿಗೆ ಜಾರುತ್ತಾ ಹೋದಂತೆ ಹೆಸರು ಮಾತ್ರ ಇನ್ನಷ್ಟು ಗಟ್ಟಿಯಾಯಿತು. ಯಾವ ಭಾಷಣವೂ ಸರ್ ಎಂವಿ ಅವರನ್ನು ಬಿಟ್ಟು ಶುರುವಾಗುವುದಿಲ್ಲ. ಕಟ್ಟಿದವನ ಹೆಸರನ್ನು ಮುಂದೆ ಮಾಡಿ ಕಟ್ಟಿದ್ದನ್ನು ಹಿಂದೆ ಸರಿಸುವ ಈ ಉಪಾಯವನ್ನು ಮಕ್ಕಳಿಗೆ ಒಂದೇ ಬೋರ್ಡಿನಿಂದ ಹೇಳಿದ ಬರಹಗಾರರಿಗೆ ಸಲಾಂ ಹೊಡೆಯಬೇಕು.

ಭವಿಷ್ಯದ ಚಿತ್ರದಲ್ಲಿ ಅವರು ಊಹಿಸದಿದ್ದ ಸಾಧ್ಯತೆ ಇನ್ನೊಂದಿದೆ. ಅಲ್ಲಿ ಕೆಟ್ಟ ಭವಿಷ್ಯ ಎಂದರೆ ಸಂಸ್ಥೆ ದುಷ್ಟರ ಕೈ ಸೇರಿ ಇನ್ನೂ ದೊಡ್ಡದಾಗುವುದು. ನಿಂತುಹೋಗುವುದು, ತುಕ್ಕು ಹಿಡಿಯುವುದು, ಹಳಿಯ ನಡುವೆ ಹುಲ್ಲು ಬೆಳೆಯುವುದು ಅವರ ಕಲ್ಪನೆಯಲ್ಲಿ ಇಲ್ಲ. 1987ರ ಅಮೆರಿಕದಲ್ಲೂ ಉಕ್ಕಿನ ಊರುಗಳು ಮುಚ್ಚುತ್ತಿದ್ದವು, ಆದರೆ ಡಕ್‌ಬರ್ಗಿನಲ್ಲಿ ಉಕ್ಕೇ ಇರಲಿಲ್ಲವಲ್ಲ. ನಮ್ಮ ಜಿಲ್ಲೆಯಲ್ಲಿ ಎರಡೂ ಒಟ್ಟೊಟ್ಟಿಗೆ ಬಂದವು. ಮುಚ್ಚುವ ನಿರ್ಧಾರದ ಮರುತಿಂಗಳು, 2023ರ ಫೆಬ್ರುವರಿ 27ರಂದು, ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಮೇಲಿನಿಂದ ನೋಡಿದರೆ ಅರಳಿದ ತಾವರೆಯ ಆಕಾರ, ಹೆಸರು ಕುವೆಂಪು ಅವರದು. ಅಲ್ಲಿಂದ ಭದ್ರಾವತಿ ಬಹಳ ದೂರವಿಲ್ಲ. ಕಾರ್ಟೂನಿನ ಹಿನ್ನೆಲೆ ಚಿತ್ರದ ಭವಿಷ್ಯವೂ, ಯಾವ ಕಾರ್ಟೂನೂ ಬಿಡಿಸದ ಭವಿಷ್ಯವೂ ಒಂದೇ ರಸ್ತೆಯ ಮೇಲೆ.

ಕಾಲದಲ್ಲಿ ಮುಂದೆ ಹೋಗುವ ಕಥೆ ನಮಗೆ ಹೊಸದಲ್ಲ. ಭಾಗವತದ ಕಕುದ್ಮಿ ರಾಜ ಮಗಳು ರೇವತಿಗೆ ತಕ್ಕ ಗಂಡು ಯಾರೆಂದು ಕೇಳಲು ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಗಾಯನ ನಡೆಯುತ್ತಿದೆ, ಮುಗಿಯಲಿ ಎಂದು ಕ್ಷಣ ಕಾಯುತ್ತಾನೆ. ಅಷ್ಟರಲ್ಲಿ ಭೂಮಿಯಲ್ಲಿ ಇಪ್ಪತ್ತೇಳು ಚತುರ್ಯುಗ ಕಳೆದಿವೆ. ಅವನು ಮನಸ್ಸಿನಲ್ಲಿಟ್ಟುಕೊಂಡಿದ್ದ ವರಗಳು, ಅವರ ಮಕ್ಕಳು ಮೊಮ್ಮಕ್ಕಳು, ಅವರ ಗೋತ್ರದ ಹೆಸರು ಕೂಡ ಉಳಿದಿಲ್ಲ. ಕಕುದ್ಮಿಗೆ ವಾಪಸು ದಾರಿ ಇಲ್ಲ, ಮರಳುಗಡಿಯಾರವನ್ನು ತಿರುಗಿಸಿ ಇಡುವ ಹಾಗಿಲ್ಲ. ಇಳಿದದ್ದು ಯಾವ ಕಾಲದಲ್ಲೋ ಅಲ್ಲಿಯೇ ಮಗಳಿಗೆ ಮನೆ ಹುಡುಕಬೇಕು. ಬಲರಾಮನಿಗೆ ಕೊಟ್ಟು ತಾನು ತಪಸ್ಸಿಗೆ ಹೊರಡುತ್ತಾನೆ. ರೇವತಿ ಹಳೆಯ ಯುಗದ ಅಳತೆಯವಳು, ಹೊಸ ಯುಗಕ್ಕೆ ತೀರ ಎತ್ತರ. ಬಲರಾಮ ನೇಗಿಲಿನ ತುದಿಯಿಂದ ಅವಳನ್ನು ಈ ಕಾಲದ ಎತ್ತರಕ್ಕೆ ತಂದ ಎಂದು ವಿಷ್ಣುಪುರಾಣ ಹೇಳುತ್ತದೆ. ಮೂವತ್ತು ವರ್ಷ ಕುಲುಮೆಯ ಮುಂದೆ ನಿಂತು, ಕರಗಿದ ಲೋಹದ ಬಣ್ಣ ನೋಡಿಯೇ ಬಿಸಿ ಹೇಳಬಲ್ಲವನಾದ ಮನುಷ್ಯ ಇವತ್ತು ಬ್ಯಾಂಕಿನ ಬಾಗಿಲಲ್ಲಿ ಕಾವಲು ನಿಂತಿದ್ದರೆ, ನನಗೆ ನೆನಪಾಗುವುದು ಆ ನೇಗಿಲು. ಈ ಕಥೆಯ ಪಕ್ಕದಲ್ಲಿ ಡಿಸ್ನಿಯ ಕಂತು ತೆಳು ಎನಿಸಿದರೆ ಅದು ಅದರ ಮಕ್ಕಳತನದಿಂದಲ್ಲ. ಪುರಾಣವೂ ಮಕ್ಕಳಿಗೆ ಹೇಳುವ ಕಥೆಯೇ. ಮರಳಿ ಬರಬಹುದು ಎಂಬ ಭರವಸೆಯನ್ನು ಅದು ತೀರ ಅಗ್ಗದಲ್ಲಿ ಮಾರುತ್ತದೆ, ದೋಷ ಅದು.

2017ರಿಂದ 2021ರವರೆಗೆ ಬಂದ ಹೊಸ ‘ಡಕ್‌ಟೇಲ್ಸ್’ ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕ. ಅಲ್ಲಿ ಹುಡುಗರ ಅಮ್ಮ ಡೆಲ್ಲಾ ಇದ್ದಾಳೆ, ಕಾಣೆಯಾಗಿದ್ದಳು, ಬರುತ್ತಾಳೆ, ಕಳೆದುಹೋದ ವರ್ಷಗಳು ಮಾತ್ರ ಬರುವುದಿಲ್ಲ. ಚಿತ್ರ ಗೀರುಗೀರಾಗಿದೆ, ಮಾತು ಅತಿವೇಗ, ಹಳೆಯದರ ಬಣ್ಣದ ಮೃದುತ್ವ ಇಲ್ಲ. ಆದರೂ ಮನೆಯೊಂದರೊಳಗೆ ಕಾಲ ಹೇಗೆ ವ್ರಣವಾಗುತ್ತದೆ ಎಂಬುದು ಅದಕ್ಕೆ ಗೊತ್ತು.

ಹಳೆಯ ಕಂತನ್ನು ಈಗಿನ ಮಕ್ಕಳಿಗೆ ತೋರಿಸಬಹುದೇ ಎಂದರೆ ಖಂಡಿತ ತೋರಿಸಬೇಕು. ಸಾಧ್ಯವಾದರೆ ಕನ್ನಡದಲ್ಲಿ. ಡಬ್ಬಿಂಗ್‌ಗೆ ಈಗ ತಡೆಯೂ ಇಲ್ಲ. ಯಾರಾದರೂ ಮಾಡಲು ಕೂತರೆ ಮೊದಲ ಸಾಲಿನಲ್ಲೇ ಸಂಬಂಧದ ಶಬ್ದ ಆರಿಸಬೇಕಾಗುತ್ತದೆ. ಲೆಕ್ಕಕ್ಕೆ ಅವನು ಹುಡುಗರ ಅಮ್ಮನ ಸೋದರಮಾವ, ಅಂದರೆ ನಮ್ಮ ಕಡೆ ‘ಅಜ್ಜ’. ಅಜ್ಜ ಎಂದ ಮೇಲೆ ಮಕ್ಕಳು ‘ನೀನು’ ಎನ್ನುತ್ತವೆ. ಶರಬತ್ತಿನ ಅಂಗಡಿಯಲ್ಲಿ ‘ಅಜ್ಜ, ನೀ ಸುಮ್ನಿರು’ ಎಂದು ರೇಗುವ ಆ ಮೂವರು ಹುಡುಗರು ನಲವತ್ತು ವರ್ಷದ ನಂತರ ಸೂಟು ಹಾಕಿಕೊಂಡು, ಮೇಜಿನ ಆಚೆ ಕುಳಿತು, ಅದೇ ಮುದುಕನನ್ನು ನೋಡಿ ‘ನೀವು ಕೂತ್ಕೊಳ್ಳಿ’ ಎನ್ನುತ್ತಾರೆ.